ಬೀಗರ ಮನೆಯ ಸಿಲ್ವರ್ ಓಕ್

ಇವತ್ತು ಬೆಳಿಗ್ಗೆ ನನ್ನ ಕಾಫಿ ಲೋಟದೊಳಗೆ ಒಂದು ಎಲೆ ಬಿತ್ತು. ಪೂರಾ ಎಲೆಯೇನಲ್ಲ, ಎಲೆಯ ಒಂದು ಬೆರಳು. ಸಿಲ್ವರ್ ಓಕ್ ಮರದ ಎಲೆ ನೋಡಿದವರಿಗೆ ಗೊತ್ತು, ಅದು ಒಂದೇ ಎಲೆಯಾದರೂ ಹತ್ತಾರು ಸೀಳುಗಳಾಗಿ ಹರಡಿಕೊಂಡಿರುತ್ತದೆ. ಮೇಲೆ ಹಸಿರು, ಕೆಳಗೆ ಬೆಳ್ಳಿ. ಚಳಿಗಾಲ ಬಂತೆಂದರೆ ಉದುರುವುದಕ್ಕೆ ಶುರು. ಬೇರೆಯವರ ಮನೆಯಲ್ಲಿ ಕಾಫಿಗೆ ಕೆನೆ ಕಟ್ಟುತ್ತದೆ, ನಮ್ಮ ಮನೆಯಲ್ಲಿ ಎಲೆ ಕಟ್ಟುತ್ತದೆ. ನಾನು ಎರಡು ಬೆರಳಿನಿಂದ ಅದನ್ನು ಎತ್ತಿ ಬಿಸಾಕಿ ಕಾಫಿ ಕುಡಿದೆ. ಹೆಂಡತಿ ವಸುಧಾ ನೋಡುತ್ತಲೇ ಇದ್ದಳು. "ತೊಳೆದ ಕೈಯೇನ್ರೀ ಅದು?" ಎಂದಳು. ಅಲ್ಲ. ಆದರೆ ಇಷ್ಟು ವರ್ಷ ಈ ಮರಗಳ ಕೆಳಗೆ ಕೂತು ಎಲೆ, ಕಡ್ಡಿ, ಹೂವಿನ ಜೇನು, ಹಕ್ಕಿ ಉದುರಿಸಿದ್ದು ಎಲ್ಲವನ್ನೂ ಅಷ್ಟಿಷ್ಟು ಹೊಟ್ಟೆಗೆ ಹಾಕಿಕೊಂಡವನಿಗೆ ಕೈ ತೊಳೆಯುವುದು ಯಾವ ಲೆಕ್ಕ ಹೇಳಿ.

ಮರಗಳು ಎಂದೆ. ಬಾಯಿಗೆ ಇನ್ನೂ ಬಹುವಚನವೇ ಬರುತ್ತದೆ. ಈಗ ಇರುವುದು ಒಂದೇ ಮರ.

ನಾನು ಆರ್ಕಿಟೆಕ್ಟ್. ಹಾಗೆಂದರೆ ಊರವರ ಕಣ್ಣಲ್ಲಿ ಇಂಜಿನಿಯರಿಗಿಂತ ಸ್ವಲ್ಪ ಜಾಸ್ತಿ ದುಡ್ಡು ಕೇಳಿ, ಇಂಜಿನಿಯರಿಗಿಂತ ಸ್ವಲ್ಪ ಕಡಿಮೆ ಕೆಲಸಕ್ಕೆ ಬರುವವನು. ಪೀಣ್ಯದ ಕಡೆ ಒಂದಷ್ಟು ಕಾರ್ಖಾನೆ ಶೆಡ್ಡು, ವೈಟ್‌ಫೀಲ್ಡಿನ ಕಡೆ ಒಂದಷ್ಟು ಗಾಜಿನ ಕಟ್ಟಡ ಮಾಡಿ ಹೊಟ್ಟೆ ಹೊರೆದುಕೊಂಡೆ. ನನ್ನ ಸ್ವಂತ ಕಲೆ ಎಂದು ಏನಾದರೂ ಇದ್ದರೆ ಅದು ದೊಡ್ಡನೆಕ್ಕುಂದಿಯ ಈ ಮನೆ. ನಡುವೆ ತೆರೆದ ಅಂಗಳ, ಅಂಗಳದಲ್ಲೊಂದು ಪಡಸಾಲೆಯ ಮೂಲೆಯಲ್ಲೊಂದು ಸಿಲ್ವರ್ ಓಕ್, ಸುತ್ತ ಮನೆ. ಕೆಲವು ವರ್ಷದ ಹಿಂದೆ ಮನೆಗಳ ಬಗ್ಗೆ ಬರೆಯುವ ಒಂದು ಪತ್ರಿಕೆಯವರು ಬಂದು ಫೋಟೋ ತೆಗೆದುಕೊಂಡು ಹೋದರು. ನನ್ನ ಆಫೀಸಿನ ಹುಡುಗಿ ಅವರಿಗೆ ಬರೆದುಕೊಟ್ಟ ತಲೆಬರಹ, 'ವಾಸ್ತುಶಿಲ್ಪಿಯ ಅಂಗಳದ ಐತಿಹಾಸಿಕ ಓಕ್ ಮರಗಳು'. ಕಾಲೇಜಿನಲ್ಲಿ ಸಸ್ಯಶಾಸ್ತ್ರ ಪಾಠ ಹೇಳಿ ನಿವೃತ್ತಳಾದ ವಸುಧಾ ಅದನ್ನು ಓದಿ ಕನ್ನಡಕ ತೆಗೆದು ನಕ್ಕಳು.

"ಅಲ್ರೀ, ಇದು ಓಕೇ ಅಲ್ಲ. ಆಸ್ಟ್ರೇಲಿಯಾದಿಂದ ಬಂದಿದ್ದು. ಇಂಗ್ಲಿಷಿನವರು ಕಾಫಿ ಗಿಡಕ್ಕೆ ನೆರಳಿಗೆ ಅಂತ ತಂದು ಹಾಕಿದ್ದು. ಬೆಳ್ಳಿಯೂ ಅಲ್ಲ. ಐತಿಹಾಸಿಕ ಅಂತ ಈ ಮನೇಲಿ ಏನಾದ್ರೂ ಇದ್ರೆ ಅದು ನೀವು."

ಇರಲಿ. ಗಂಡನನ್ನು ಇತಿಹಾಸಕ್ಕೆ ಸೇರಿಸುವುದು ಎಲ್ಲ ಹೆಂಡತಿಯರ ಹಕ್ಕು.

ಮರದ ಹುಚ್ಚು ನನಗೆ ಎಲ್ಲಿಂದ ಹತ್ತಿತು ಎಂದರೆ ಜಾಲಹಳ್ಳಿಯಿಂದ. ಅಪ್ಪ ಅಲ್ಲಿನ ಸರ್ಕಾರಿ ಕಾರ್ಖಾನೆಯೊಂದರಲ್ಲಿ ಫಿಟ್ಟರ್ ಆಗಿದ್ದರು. ನಾವಿದ್ದದ್ದು ಕಾರ್ಖಾನೆಯ ಕ್ವಾರ್ಟರ್ಸಿನಲ್ಲಿ. ಮನೆಗಳೆಲ್ಲ ಒಂದೇ ಅಚ್ಚು. ಅದೇ ಹಸಿರು ಬಾಗಿಲು, ಅದೇ ಎರಡು ಮೆಟ್ಟಿಲು, ಅದೇ ಕಿಟಕಿಯ ಸರಳು. ಒಂದು ಸಲ ಸ್ಕೂಲಿನಿಂದ ಬಂದವನು ಸೀದಾ ಪಕ್ಕದ ಸಾಲಿನ ಮನೆಗೆ ನುಗ್ಗಿ, ಬ್ಯಾಗು ಎಸೆದು, ಅಡುಗೆಮನೆಯಲ್ಲಿ ಮುಚ್ಚಿಟ್ಟಿದ್ದ ಉಪ್ಪಿಟ್ಟು ತಿಂದು ಮುಗಿಸಿದ್ದೆ. ಉಪ್ಪು ಕಡಿಮೆ ಎಂದು ಕೂಗಿದ ಮೇಲೆ ಒಳಗಿನಿಂದ ಬಂದದ್ದು ಅಮ್ಮ ಅಲ್ಲ, ಮಲಯಾಳ ಮಾತಾಡುವ ಒಬ್ಬ ಆಂಟಿ. ಪಾಪ, ಬೈಯಲಿಲ್ಲ. ಉಪ್ಪು ತಂದುಕೊಟ್ಟರು.

ಆ ಮನೆಗಳನ್ನು ಗುರುತಿಸುತ್ತಿದ್ದದ್ದು ಮರಗಳಿಂದ. ನಮ್ಮ ಬಾಗಿಲ ಮುಂದೆ ಒಂದು ಹೊಂಗೆ. ಕಾರ್ಖಾನೆಯವರು ಪ್ರತಿ ಮರದ ಸೊಂಟಕ್ಕೂ ಸುಣ್ಣ ಬಳಿದು, ಕೆಮ್ಮಣ್ಣಿನ ಪಟ್ಟಿ ಎಳೆದು, ನಂಬರು ಬರೆಯುತ್ತಿದ್ದರು. ಅಪ್ಪನಿಗೂ ಟೋಕನ್ ನಂಬರಿತ್ತು, ಮರಕ್ಕೂ ನಂಬರಿತ್ತು. ಇಬ್ಬರೂ ಒಂದೇ ಕಾರ್ಖಾನೆಯ ನೌಕರರು ಎಂದೇ ನಾನು ಬಹಳ ದಿನ ತಿಳಿದಿದ್ದೆ. ಸೀಮೆಸುಣ್ಣದಲ್ಲಿ ಸಿಮೆಂಟಿನ ಅಂಗಳದ ಮೇಲೆ ಮನೆಯ ಪ್ಲಾನು ಬರೆಯುವುದು ನನ್ನ ಆಟ. ಎಲ್ಲ ಪ್ಲಾನಿನಲ್ಲೂ ನಟ್ಟ ನಡುವೆ ಒಂದು ಮರ. ಮರ ಬರೆದ ಮೇಲೆ ಅಮ್ಮನಿಗೆ ಅಡುಗೆಮನೆಗೆ ಜಾಗ ಉಳಿಯುತ್ತಿರಲಿಲ್ಲ. ಅಮ್ಮ ಸಂಜೆ ನೀರು ಹಾಕಿ ಪೊರಕೆಯಲ್ಲಿ ನನ್ನ ಮನೆಗಳನ್ನೆಲ್ಲ ಗುಡಿಸಿಹಾಕುವಾಗ, "ಮರದಲ್ಲೇ ಅಡುಗೆ ಮಾಡ್ಲೇನೋ ನಿನ್ ತಲೆ" ಎನ್ನುತ್ತಿದ್ದಳು.

ಹಾಗಾಗಿ ದೊಡ್ಡನೆಕ್ಕುಂದಿಯಲ್ಲಿ ಈ ಸೈಟು ತೋರಿಸಿದಾಗ ನಾನು ಸೈಟು ನೋಡಲಿಲ್ಲ, ಮರ ನೋಡಿದೆ. ರಿಂಗ್ ರೋಡು ಇನ್ನೂ ಅರ್ಧ ಮಣ್ಣಾಗಿದ್ದ ಕಾಲ. ಹಿಂದೆ ಹೊಲವಾಗಿದ್ದ ಜಾಗ. ಹೊಲದ ಬದುವಿನ ಮೇಲೆ ನೆಟ್ಟಗೆ ನಿಂತ ಎರಡು ಸಿಲ್ವರ್ ಮರ, ಆಗಲೇ ಎರಡಾಳು ತಬ್ಬುವಷ್ಟು ದಪ್ಪ. ಮಾರುತ್ತಿದ್ದವನು ಊರಿನ ಹಳೇ ಮನೆತನದವನು. ಅವನ ತಾಯಿ ನಂಜಮ್ಮ ಮಗನ ಹಿಂದೆ ಸೆರಗು ಹೊದ್ದು ನಿಂತಿದ್ದರು. ಮಗ ದಿಕ್ಕು, ನೀರು, ದಾರಿ ಎಲ್ಲ ಹೇಳಿ ಮುಗಿಸಿದ ಮೇಲೆ ಆಕೆ ಒಂದೇ ಮಾತಾಡಿದರು.

"ಏನಾರ ಕಟ್ಕಳಿ ಸಾಮಿ. ಎಲ್ಡು ಮರಾನೂ ಮುಟ್ಬ್ಯಾಡಿ."

ನಾನು ಮುಟ್ಟುವವನೇ? ನಾನು ಮರದ ಸುತ್ತ ಮನೆ ಕಟ್ಟುವವನು! ಒಂದು ಮರ ಅಂಗಳದ ನಡುವೆ ಬಂತು. ಇನ್ನೊಂದು ಹಿಂಗೋಡೆಯ ಮೂಲೆಗೆ, ಸರಿಯಾಗಿ ಪಡಸಾಲೆಯ ಮಾಡಿನ ಜಾಗದಲ್ಲಿ. ಮಾಡನ್ನು ಒಂದಿಷ್ಟು ಹಿಂದಕ್ಕೆ ಸರಿಸಿದ್ದರೆ ಆಗುತ್ತಿತ್ತು. ಮೇಸ್ತ್ರಿಯೂ ಹೇಳಿದ. ಆದರೆ ಹೊಸದಾಗಿ ಮನೆ ಕಟ್ಟುವ ಆರ್ಕಿಟೆಕ್ಟಿಗೆ ಮೇಸ್ತ್ರಿ ಮಾತು ಕಿವಿಗೆ ಬೀಳುತ್ತದೆಯೇ? ಮಾಡಿಗೆ ಗುಂಡಗೆ ತೂತು ಬಿಟ್ಟು ಮರವನ್ನು ಅದರೊಳಗಿಂದ ಮೇಲಕ್ಕೆ ಕಳಿಸಿದೆ. ಸುತ್ತ ನಾಲ್ಕು ಬೆರಳು ಜಾಗ. ನೋಡಿದವರೆಲ್ಲ ಆಹಾ ಎಂದರು.

ಮರ ಬೆಳೆಯುತ್ತದೆ ಎಂಬುದು ನನ್ನ ಲೆಕ್ಕದಲ್ಲಿತ್ತು. ಮರ ತೂಗುತ್ತದೆ ಎಂಬುದು ಇರಲಿಲ್ಲ. ಮೊದಲ ಮುಂಗಾರು ಗಾಳಿಗೆ ಮರ ಅತ್ತ ಇತ್ತ ತೊನೆದು ನನ್ನ ಮಾಡಿನ ಅಂಚನ್ನು ಚಕ್ಕುಲಿಯಂತೆ ಮುರಿಯಿತು. ಮಳೆ ನೀರು ಕಾಂಡದ ಮೇಲೆ ಹರಿದು ಸೀದಾ ಪಡಸಾಲೆಗೆ ಬಂತು. ಪೀಣ್ಯದ ರಬ್ಬರ್ ವರ್ಕ್‌ಶಾಪಿನ ಪರಿಚಯದವರೊಬ್ಬರು ಬಂದು, ನಗು ತಡೆದುಕೊಂಡು, ಟ್ರ್ಯಾಕ್ಟರ್ ಟ್ಯೂಬು ಕತ್ತರಿಸಿ ಮರದ ಕುತ್ತಿಗೆಗೆ ಕಾಲರ್ ಹಾಕಿಕೊಟ್ಟರು. ಅಂದಿನಿಂದ ಪ್ರತಿ ಮಳೆಗಾಲಕ್ಕೂ ಕಾಲರ್ ಬದಲಾಯಿಸುವುದು ನಮ್ಮ ಮನೆಯ ಹಬ್ಬಗಳಲ್ಲಿ ಒಂದು. ಸೋರುವ ಮನೆಯ ಆರ್ಕಿಟೆಕ್ಟ್ ಎಂದು ನನ್ನನ್ನು ನಾನೇ ಪರಿಚಯ ಮಾಡಿಕೊಳ್ಳುವುದು ಕಲಿತೆ. ಬೇರೆಯವರು ಹೇಳುವುದಕ್ಕಿಂತ ಅದು ಮೇಲು.

ಮನೆಗೆ ಬಂದ ವರ್ಷ ಗೌರಿ ಹಬ್ಬದ ದಿನ ಬೆಳಿಗ್ಗೆ ನಂಜಮ್ಮ ಬಂದರು. ಹಿಂಗೋಡೆಯ ಆಚೆಗೇ ಅವರ ಹಳೇ ಮನೆ. ಕೈಯಲ್ಲಿ ಎರಡು ಮೊರ. ಒಂದೊಂದರಲ್ಲೂ ಅಕ್ಕಿ, ಬೆಲ್ಲ, ತೆಂಗಿನಕಾಯಿ, ಅರಿಸಿನ ಕುಂಕುಮ, ರವಿಕೆ ಕಣ, ಹಸಿರು ಗಾಜಿನ ಬಳೆ. ನಮಗೇ ಬಾಗಿನ ತಂದಿದ್ದಾರೆ ಎಂದುಕೊಂಡು ವಸುಧಾ ಸೆರಗು ಮುಂದೆ ಮಾಡಿ ನಿಂತಳು. ನಂಜಮ್ಮ ಅವಳ ಪಕ್ಕದಿಂದ ಹಾದು ಹೋಗಿ ಮರದ ಬುಡದಲ್ಲಿ ಒಂದು ಮೊರ ಇಟ್ಟರು, ಇನ್ನೊಂದರ ಬುಡದಲ್ಲಿ ಇನ್ನೊಂದು. ಕಾಂಡಕ್ಕೆ ಅರಿಸಿನ ಹಚ್ಚಿ ಕುಂಕುಮ ಇಟ್ಟರು. ಬಳೆ ಸಿಕ್ಕಿಸಲು ಮೊಳೆ ಬೇಕೇನೋ ಎಂದು ನಾನು ಸುತ್ತಿಗೆ ತಂದೆ.

"ಅಯ್ಯೋ, ಮೊಳೆ ಒಡೀಬ್ಯಾಡಿ ಸಾಮಿ. ಮಗೀಗೆ ನೋಯ್ತದೆ," ಎಂದರು.

ಆಮೇಲೆ ಕೂತು ಕಾಫಿ ಕುಡಿಯುತ್ತಾ ಹೇಳಿದರು. ಅವರ ಕಡೆ ಹೆಣ್ಣುಮಗು ಹುಟ್ಟಿದರೆ ಹೊಲದ ಬದುವಿನ ಮೇಲೆ ಸಿಲ್ವರ್ ಗಿಡ ನೆಡುವುದು ರೂಢಿ. ಹೆಣ್ಣು ಮದುವೆಗೆ ಬರುವಷ್ಟರಲ್ಲಿ ಮರವೂ ಗರಗಸಕ್ಕೆ ಬರುತ್ತದೆ, ಮದುವೆಗೆ ಒದಗುತ್ತದೆ ಎಂಬ ಅಂದಾಜು. ನಂಜಮ್ಮನ ಗಂಡ ಮುನಿಯಪ್ಪ ಮೊದಲ ಮಗಳು ರತ್ನ ಹುಟ್ಟಿದಾಗ ಒಂದು ನೆಟ್ಟರು, ಅದೇ ಮೂಲೆಯದು. ಎರಡನೆಯವಳು ಕೆಂಪಿ ಹುಟ್ಟಿದಾಗ ಇನ್ನೊಂದು, ಅದೇ ನಡುವಿನದು. ಕೆಂಪಿ ಸ್ಕೂಲಿಗೆ ಸೇರುವ ಹೊತ್ತಿಗೆ ಜ್ವರ ಬಂದು ಹೋಗಿಬಿಟ್ಟಳು. ಮುಂದೆ ರತ್ನನ ಮದುವೆ ಗೊತ್ತಾದಾಗ ಮರದ ವ್ಯಾಪಾರಿ ಬಂದ, ಮುನಿಯಪ್ಪ ಅವನನ್ನು ಬದುವಿನ ತನಕ ಕರೆದುಕೊಂಡು ಹೋಗಿ ವಾಪಸು ಕರೆತಂದರು. ಒಂದನ್ನು ಕಡಿದರೆ ಇನ್ನೊಂದು ಒಂಟಿಯಾಗುತ್ತದೆ ಎಂದರಂತೆ. ಮದುವೆ ಹೇಗೋ ಆಯಿತು. ರತ್ನಮ್ಮ ಈಗ ಚಂದಾಪುರದಲ್ಲಿ ಮೊಮ್ಮಕ್ಕಳೊಂದಿಗೆ ಇದ್ದಾರೆ.

"ನನ್ ಎಲ್ಡು ಹೆಣ್ಣೂ ನಿಮ್ ಮನೇಗ್ ಬಂದ್ವು," ಎಂದು ನಂಜಮ್ಮ ಲೋಟ ಕೆಳಗಿಟ್ಟರು. "ಇನ್ಮ್ಯಾಕೆ ನೀವು ನಮ್ಗೆ ಬೀಗರು."

ತಮಾಷೆಗೆ ಅಂದದ್ದಲ್ಲ. ಅಂದಿನಿಂದ ನಾನು ಆಕೆಗೆ ಬೀಗರೇ. ರಸ್ತೆಯಲ್ಲಿ ಕಂಡರೆ, "ಬೀಗರೇ, ಊಟ ಆಯ್ತಾ?" ಅವರ ಮನೆಯಲ್ಲಿ ಒಬ್ಬಟ್ಟು ಮಾಡಿದರೆ ಬೀಗರ ಮನೆಗೆ ಒಂದು ಡಬ್ಬಿ. ಪ್ರತಿ ಗೌರಿಗೂ ತವರಿನ ಬಾಗಿನ ಎರಡು ಮರಕ್ಕೂ ಬರುತ್ತಿತ್ತು. ರತ್ನಮ್ಮನಿಗೆ ಚಂದಾಪುರಕ್ಕೇ ಹೋಗಿ ಕೊಟ್ಟು ಬಂದಿರುತ್ತೀರಲ್ಲ, ಮತ್ತೆ ಇಲ್ಲೂ ಯಾಕೆ ಎಂದು ವಸುಧಾ ಒಮ್ಮೆ ಕೇಳಿದಳು. "ಅಲ್ಲೊಂದು ಇಲ್ಲೊಂದು. ಹೆಣ್ಮಕ್ಳಿಗೆ ಎಷ್ಟು ಕೊಟ್ರೂ ಕಮ್ಮೀನೆಯ," ಎಂದು ಉತ್ತರ ಬಂತು. ಬೀಗರೆಂದ ಮೇಲೆ ದೂರುಗಳೂ ಇರಬೇಕಲ್ಲ, ಇದ್ದವು. ಅಂಗಳಕ್ಕೆ ಕಲ್ಲು ಹಾಸಿ ಬುಡಕ್ಕೆ ಉಸಿರು ಕಟ್ಟಿಸಿದ್ದೀರಿ, ನೀರು ಸಾಲದು, ಆ ಟ್ಯೂಬು ನನ್ನ ರತ್ನಿ ಕುತ್ತಿಗೆಗೆ ಬಿಗಿಯಾಗಿದೆ. ಅತ್ತೆಮನೆಯವರಿಗೆ ಮಾಡುವ ಮರ್ಯಾದೆ, ಹೇಳುವ ಚುಚ್ಚುಮಾತು ಎರಡೂ ನಮಗೆ ಕಾಲಕಾಲಕ್ಕೆ ಸಂದಾಯವಾಗುತ್ತಿತ್ತು.

ಇದು ಹೀಗೇ ನಡೆಯುತ್ತಿತ್ತೇನೋ. ಆದರೆ ಹೋದ ಬೇಸಿಗೆಯ ಹೊತ್ತಿಗೆ ಮೂಲೆಯ ಮರದ ತುದಿ ಒಣಗತೊಡಗಿತು. ತೊಗಟೆಯಿಂದ ಕಂದು ಅಂಟು ಇಳಿಯಿತು. ಮರ ಹಿಂಗೋಡೆಯ ಕಡೆಗೆ ವಾಲಿದೆ ಎಂದು ನನಗೆ ಅನ್ನಿಸುತ್ತಿತ್ತು, ಆದರೆ ನನ್ನ ಕಣ್ಣಿನ ಮೇಲೆ ನನಗೇ ನಂಬಿಕೆ ಇರಲಿಲ್ಲ. ಗೋಡೆಯ ಆಚೆ ನಂಜಮ್ಮನ ಮಗ ಶೀಟು ಹಾಕಿ ಬಾಡಿಗೆಗೆ ಕಟ್ಟಿದ ಸಾಲು ರೂಮುಗಳಿವೆ. ರಾಯಚೂರಿನ ಕಡೆಯ ಹಣಮಂತ ಎಂಬವನು ಹೆಂಡತಿ, ಎಳೆಗೂಸಿನ ಜೊತೆ ಅಲ್ಲಿದ್ದಾನೆ. ಕಟ್ಟಡದ ಸೆಂಟ್ರಿಂಗ್ ಕೆಲಸ. ಅವನು ಒಂದು ದಿನ ಗೇಟಿನ ಹತ್ತಿರ ಬಂದು ನಿಂತ.

"ಸರ, ಗಾಳಿ ಎದ್ರ ನನ್ ಹೆಂಡ್ತಿ ಕೂಸಿನ್ನ ತಗೊಂಡು ಹೊರಗ ಬಂದು ಕುಂದರ್ತಾಳ್ರಿ. ಮರ ಕಿರ್ರ್ ಅಂತದರಿ. ನಿಮ್ಮ ಮರಾನ ಏನೋ ಅನ್ನಾಕ ಬಂದಿಲ್ರಿ, ಹೇಳ್ಬೇಕನಿಸ್ತು."

ಪಾಲಿಕೆಯಿಂದ ಮರ ನೋಡುವವರು ಬಂದರು. ಕೋಲಿನಿಂದ ಬುಡ ತಟ್ಟಿದರು. ಟೊಳ್ಳು ಶಬ್ದ ನನಗೂ ಕೇಳಿಸಿತು. ಗೆದ್ದಲು ಒಳಗೊಳಗೇ ತಿಂದು ಮುಗಿಸಿತ್ತು. ಮುಂಗಾರು ಗಾಳಿಗೆ ಮುಂಚೆ ತೆಗೆದುಬಿಡಿ ಎಂದರು. ನಡುವಿನ ಮರವನ್ನೂ ತಟ್ಟಿ ನೋಡಿದರು. ಅದು ಗಟ್ಟಿಯಾಗಿತ್ತು.

ಇಲ್ಲಿ ನನ್ನ ಜಾಣತನ ಕೆಲಸ ಮಾಡಿತು ನೋಡಿ. ದುಃಖವಾಗಿದ್ದು ನಿಜ. ಅದರ ನಡುವೆಯೂ ನನಗೆ ಒಂದು ಸಮಾಧಾನ ಹುಟ್ಟಿತು. ಸದ್ಯ, ಹೋಗುತ್ತಿರುವುದು ರತ್ನಮ್ಮನ ಮರ! ಆಕೆ ಚಂದಾಪುರದಲ್ಲಿ ಗುಂಡುಕಲ್ಲಿನಂತೆ ಇದ್ದಾರೆ. ಕೆಂಪಿಯ ಮರ ಹೋಗಿದ್ದರೆ ಆ ಮುದುಕಿಗೆ ಯಾವ ಮುಖ ಇಟ್ಟುಕೊಂಡು ಹೇಳುವುದಿತ್ತು? ಈ ಒಳ್ಳೆಯ ಸುದ್ದಿಯನ್ನು ನಾನೇ ಮೊದಲು ಹೇಳಬೇಕೆಂದು ಚಪ್ಪಲಿ ಮೆಟ್ಟಿಕೊಂಡು ಹೊರಟೆ. ವಸುಧಾ, "ತಡೀರಿ, ನಾನೂ ಬರ್ತೀನಿ" ಎಂದಳು. ನಾನು ಕಾಯಲಿಲ್ಲ.

ನಂಜಮ್ಮ ಜಗುಲಿಯ ಮೇಲೆ ಕಾಲು ಚಾಚಿ ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದರು. ನಾನು ಪಕ್ಕದಲ್ಲಿ ಕೂತು ಹೇಳಿದೆ.

"ನಂಜಮ್ಮನವರೇ, ಗಾಬರಿ ಆಗ್ಬೇಡಿ. ಒಂದು ಮರ ತೆಗೀಲೇಬೇಕಂತೆ. ಆದ್ರೆ ನಮ್ಮ ಕೆಂಪಿ ಮರಕ್ಕೆ ಏನೂ ಆಗಿಲ್ಲ, ಗಟ್ಟಿಯಾಗಿದೆ. ಹೋಗೋದು ರತ್ನಮ್ಮನ ಮರ ಅಷ್ಟೇ."

ಹುಣಸೆ ಬಿಡಿಸುವ ಕೈ ನಿಂತಿತು. ಆಕೆ ನನ್ನ ಮುಖವನ್ನು ಯಾರೋ ಗುರುತಿಲ್ಲದವನ ಮುಖದಂತೆ ನೋಡಿದರು.

"ಅಷ್ಟೇನಾ?" ಎಂದರು. "ಬದುಕಿರೋ ಮಗ್ಳ ಮರಕ್ಕೆ ಕೊಡ್ಲಿ ಆಕ್ತೀನಿ ಅಂತ ನಗ್ತಾ ಬಂದು ಯೋಳ್ತೀರಲ್ಲ. ಸತ್ತೋಳ್ಗೆ ಇನ್ನೇನಾಗ್ಬೇಕು? ಆಗಾದೆಲ್ಲ ಆಗೋಗೈತೆ. ಇವ್ಳು ಬದುಕವ್ಳೆ ಸಾಮಿ! ಬದುಕವ್ಳೆ!"

ಮಗಳು ಹುಟ್ಟಿದ ದಿನ ನೆಟ್ಟ ಮರ, ಮಗಳ ಜೊತೆ ಬೆಳೆದ ಮರ. ಮಗಳಿಗೆ ಸಕ್ಕರೆ ಕಾಯಿಲೆ, ಕಾಲಿನ ಗಾಯ ಬೇಗ ಮಾಯುವುದಿಲ್ಲ ಎಂಬುದು ನನಗೂ ಗೊತ್ತಿತ್ತು. ತಾಯಿ ಆ ಮರ ಚಿಗುರಿದ್ದು ನೋಡಿ ಮಗಳು ಚೆನ್ನಾಗಿದ್ದಾಳೆ ಎಂದು ನೆಮ್ಮದಿ ಪಡುತ್ತಿದ್ದರು ಎಂಬುದು ಗೊತ್ತಿರಲಿಲ್ಲ. ಮನೆಗೆ ಬಂದು ವಸುಧಾಳಿಗೆ ಹೇಳಿದೆ. ಅವಳು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಅದಾದ ಮೇಲೆ ನಂಜಮ್ಮ ಹಾಲಿನ ಅಂಗಡಿಯ ಹತ್ತಿರ ಸಿಕ್ಕರು. ನಾನು ಕೈ ಮುಗಿದೆ. "ಏನ್ ಸಾರ್, ಚೆನ್ನಾಗಿದೀರಾ?" ಎಂದು ಹೇಳಿ ಮುಂದೆ ಹೋದರು. ನನ್ನನ್ನು ದಿನವೂ ಎಷ್ಟೋ ಜನ ಸಾರ್ ಎನ್ನುತ್ತಾರೆ. ಅಷ್ಟು ನೋವು ಕೊಟ್ಟ ಸಾರ್ ಇನ್ನೊಂದಿಲ್ಲ. ಹಾಲಿನ ಪ್ಯಾಕೆಟ್ಟು ಹಿಡಿದುಕೊಂಡು ಅಲ್ಲೇ ನಿಂತಿದ್ದೆ. ಅಂಗಡಿಯವನು, "ಸಾರ್, ಚಿಲ್ಲರೆ ತಗೊಳ್ಳಿ" ಎಂದ. ಅವನ ಸಾರ್ ಕೂಡ ಆಗ ಸಹಿಸಲಾಗಲಿಲ್ಲ.

ಗಾಳಿ ಜೋರಾಗುತ್ತಿತ್ತು. ಮರ ಕಡಿಸುವ ಹಾಗಿಲ್ಲ, ಬಿಡುವ ಹಾಗಿಲ್ಲ. ಹಗ್ಗ ಬಿಗಿಸಿದೆ, ಹಣಮಂತನ ಸಂಸಾರವನ್ನು ನಮ್ಮ ಮುಂದಿನ ರೂಮಿಗೆ ಕರೆದುಕೊಂಡು ಬಂದೆ. ಮಗುವಿನ ಅಳು ಮನೆಯಲ್ಲಿ ಕೇಳಿ ವಸುಧಾಳಿಗೆ ಖುಷಿಯಾಯಿತು, ಆದರೆ ಅದು ಎಷ್ಟು ದಿನ? ಬೇರೆ ರೂಮಿನವರೂ ಇದ್ದಾರಲ್ಲ.

ಒಂದು ಮಧ್ಯಾಹ್ನ ನಂಜಮ್ಮ ತಾವಾಗಿಯೇ ಬಂದರು. ಅಂಗೈಯಲ್ಲಿ ಎರಡು ಅರಿಸಿನದ ದಾರ. ನನ್ನನ್ನು ನೋಡದೆ ವಸುಧಾಳ ಹತ್ತಿರ ಮಾತಾಡಿದರು. ಅಮ್ಮನ ಗುಡಿಗೆ ಹೋಗಿ ಹೂವು ಕೇಳಿದರಂತೆ. ನಮ್ಮ ಕಡೆ ಮನಸ್ಸು ಕವಲೊಡೆದಾಗ ಹಾಗೆ ಮಾಡುತ್ತಾರೆ, ದೇವಿಯ ಬಲಗಡೆಯಿಂದ ಹೂವು ಬಿದ್ದರೆ ಆಗಲಿ ಎಂದು, ಎಡಗಡೆಯಿಂದ ಬಿದ್ದರೆ ಬೇಡ ಎಂದು.

"ಎಡಕ್ಕೂ ಬೀಳ್ಲಿಲ್ಲ, ಬಲಕ್ಕೂ ಬೀಳ್ಲಿಲ್ಲ ಕಣವ್ವ. ಮದ್ಯಾನದ ಗಂಟ ಕೂತಿದ್ದೆ. ಪೂಜಾರಪ್ಪ ಬಾಗ್ಲಾಕೋ ಒತ್ತಾಯ್ತು ಅಂದ. ಅವ್ಳೂ ಹೆಣ್ಣಲ್ವಾ, ಅವ್ಳಿಗೂ ಯೋಳಾಕೆ ಬಾಯಿ ಬರ್ಲಿಲ್ಲ."

ಆದ್ದರಿಂದ ತಾವೇ ತೀರ್ಮಾನ ಮಾಡಿದ್ದರು. ಮರ ಹೋಗಲೇಬೇಕು, ಆ ಎಳೆಗೂಸಿನ ಮೇಲೆ ಬಿದ್ದರೆ ತಾವು ಜೀವ ಇಟ್ಟುಕೊಂಡಿರಲು ಆಗುವುದಿಲ್ಲ. ಆದರೆ ರತ್ನನ ಮರವಾಗಿ ಅದು ಹೋಗಬಾರದು. ಮರಗಳನ್ನು ಅದಲು ಬದಲು ಮಾಡುವುದು. ದಾರ ಕಟ್ಟಿ, ಮರಗಳಿಗೆ ಹೇಳಿ, ಮೂಲೆಯ ಮರವನ್ನು ಕೆಂಪಿಗೆ ಕೊಡುವುದು, ನಡುವಿನ ಗಟ್ಟಿ ಮರವನ್ನು ರತ್ನನಿಗೆ. ಆಮೇಲೆ ಮೂಲೆಯದನ್ನು ಕಡಿಯಲಿ.

"ಸತ್ತೋಳು ಇನ್ನೊಂದ್ ಕಿತ ಸಾಯಾಕಿಲ್ಲ," ಎಂದರು.

ಹೇಳಿದರು, ಆದರೆ ಕೈ ಏಳಲಿಲ್ಲ. ನಡುವಿನ ಮರದ ಮುಂದೆ ನಿಂತು ದಾರ ಹಿಡಿದುಕೊಂಡು, "ಕೆಂಪೀ, ನೀನು ವಸಿ ಜಾಗ ಬುಟ್ಕೊಡವ್ವ, ಅಕ್ಕುಂಗೆ" ಎಂದರು. ಮತ್ತೊಂದು ಸಲ ಅದನ್ನೇ ಹೇಳಿದರು. ಕೆಂಪಿ ಆಡುವಾಗಲೂ ಅಕ್ಕನಿಗೆ ಎಲ್ಲ ಬಿಟ್ಟುಕೊಡುವ ಮಗುವಾಗಿತ್ತಂತೆ. ಮಾವಿನ ವಾಟೆ ಚೀಪುವುದನ್ನೂ ಅರ್ಧಕ್ಕೆ ನಿಲ್ಲಿಸಿ ಕೊಡುತ್ತಿತ್ತಂತೆ. ಅದನ್ನು ಹೇಳಿ ಮರದ ಬುಡದಲ್ಲೇ ಕೂತುಬಿಟ್ಟರು. ನನಗೆ ಅಳು ಬಂತು. ಗಂಡಸು, ಆರ್ಕಿಟೆಕ್ಟ್, ಅರವತ್ತು ದಾಟಿದವನು, ಕಂಬದ ಹಿಂದೆ ನಿಂತು ಅತ್ತೆ.

ಗೇಟು ಸದ್ದಾಯಿತು. ಬಂದದ್ದು ರತ್ನಮ್ಮ. ವಸುಧಾ ನನಗೂ ಹೇಳದೆ ಹಿಂದಿನ ದಿನವೇ ಚಂದಾಪುರಕ್ಕೆ ಫೋನು ಮಾಡಿ ಮರದ ವಿಷಯ ತಿಳಿಸಿದ್ದಳು. ಬಸ್ಸು ಬದಲಾಯಿಸಿ ಬದಲಾಯಿಸಿ ಬಂದ ಬೆವರಿನಲ್ಲಿ, ಕಾಲಿಗೆ ಬ್ಯಾಂಡೇಜು ಸುತ್ತಿಕೊಂಡು, ಸಿಟ್ಟಿನಲ್ಲಿ ಬಂದು ನಿಂತರು ಆಕೆ. ತಾಯಿ ಕೆಂಪಿಯ ಹತ್ತಿರ ಜಾಗ ಕೇಳಿದ್ದು ಗೇಟಿನವರೆಗೂ ಕೇಳಿಸಿತ್ತೇನೋ, ಅಂಗಳದ ಮಧ್ಯೆ ಕೂತಿದ್ದ ಆಕೆಯ ಕೈಯಿಂದ ದಾರ ಕಿತ್ತುಕೊಂಡರು.

"ಏನವ್ವ ಇದು? ನಂಗೆ ಮದ್ವೆ ಆಯ್ತು. ಮಕ್ಳಾದ್ವು. ಮೊಮ್ಮಕ್ಳನ್ನ ಎತ್ತಾಡ್ಸಿದೀನಿ. ಬ್ಯಾಡ ಅಂದ್ರೂ ಸಕ್ಕರೆ ಕಾಯ್ಲೆನೂ ಬಂತು. ಎಲ್ಲಾ ಬಂತು ನಂಗೆ. ಅವ್ಳಿಗೇನೈತೆ? ಇದೊಂದು ಮರ. ಇದ್ನೂ ಅವ್ಳ ಕೈಯಿಂದ ಕಿತ್ತು ನಂಗೆ ಕೊಡ್ತೀಯಾ?"

"ನೀನು ಓಗ್ಬುಟ್ರೆ ನಾನೇನ್ ಮಾಡ್ಲೇ?" ನಂಜಮ್ಮ ಚಿಕ್ಕ ಹುಡುಗಿಯ ಹಾಗೆ ಕೇಳಿದರು.

"ಓಗಾಕೆ ನಾನೇನು ಮರನಾ? ನಂದೇ ಕಡೀಲಿ. ನನ್ ಎಸ್ರಲ್ಲೇ ಕಡೀಲಿ. ಅವ್ಳು ಇರ್ಲಿ."

ವಸುಧಾ ಮಜ್ಜಿಗೆ ತಂದಳು. ನಂಜಮ್ಮ ಕುಡಿದು ಲೋಟ ಕೊಡುವಾಗ ಕಂಬದ ಕಡೆ ತಿರುಗಿದರು. "ಬೀಗರೇ, ಆ ಕಂಬದ್ ಇಂದೆ ಯಾಕ್ ನಿಂತಿದ್ದೀರಿ, ಈಚೆ ಬರ್ರಿ," ಎಂದರು. ಮನಸ್ಸಿನ ಮೇಲಿದ್ದ ಒಂದು ಕಲ್ಲು ಅಷ್ಟಕ್ಕೇ ಇಳಿಯಿತು. ಆಕೆ ಒಂದೇ ಒಂದು ಷರತ್ತು ಹಾಕಿದರು. ಕಡಿಯುವ ದಿನ ರತ್ನ ತಮ್ಮ ಮನೆಯಲ್ಲಿರಬೇಕು. ಮುಗಿಯುವ ತನಕ ಕಣ್ಣೆದುರಿಗೇ ಇರಬೇಕು.

ಆ ದಿನ ಹಗ್ಗ, ಯಂತ್ರದ ಗರಗಸ ತಂದು ಆಳುಗಳು ಬೆಳಿಗ್ಗೆಯೇ ಮರ ಹತ್ತಿದರು. ನನ್ನ ಕೈಲಿ ನೋಡಲಾಗಲಿಲ್ಲ. ಮೇಲ್ವಿಚಾರಣೆಯನ್ನು ವಸುಧಾಳಿಗೆ ಬಿಟ್ಟು ಬೀಗರ ಮನೆಯ ಜಗುಲಿಗೆ ಹೋಗಿ ಕೂತೆ. ಅಲ್ಲಿ ರತ್ನಮ್ಮ ಚಾಪೆಯ ಮೇಲೆ ಮಲಗಿದ್ದರು, ತಲೆ ತಾಯಿಯ ತೊಡೆಯ ಮೇಲೆ. ನರೆತ ಕೂದಲು ಬಿಚ್ಚಿಹಾಕಿ ನಂಜಮ್ಮ ಎಣ್ಣೆ ಹಚ್ಚುತ್ತಿದ್ದರು. ತಾಯಿ ಬೆಳಿಗ್ಗೆಯಿಂದ ಒಲೆ ಹಚ್ಚಿರಲಿಲ್ಲ. ಮಗಳನ್ನು ಬಿಟ್ಟು ಒಳಗೆ ಹೋಗುವ ಧೈರ್ಯವೇ ಇರಲಿಲ್ಲ. ಗರಗಸ ಮೊರೆಯುವಾಗ ಎಣ್ಣೆಯ ಕೈ ಬಿಗಿಯಾಗುತ್ತಿತ್ತು, ನಿಂತಾಗ ಸಡಿಲವಾಗುತ್ತಿತ್ತು. ಮೇಲಿನ ಕೊಂಬೆಗಳನ್ನು ಒಂದೊಂದಾಗಿ ಹಗ್ಗ ಕಟ್ಟಿ ಇಳಿಸುತ್ತಿದ್ದರು. ರತ್ನಮ್ಮ ಕಣ್ಣು ಮುಚ್ಚಿಕೊಂಡಿದ್ದರು, ನಿದ್ದೆಯೋ ಎಚ್ಚರವೋ ಗೊತ್ತಾಗುತ್ತಿರಲಿಲ್ಲ. ಮೂಗಿನ ಹತ್ತಿರ ಬೆರಳಿಟ್ಟು ತಾಯಿ ಉಸಿರು ನೋಡಿದ್ದನ್ನು ನಾನು ಕಂಡೂ ಕಾಣದವನಂತೆ ರಸ್ತೆ ನೋಡಿದೆ.

ಬಿಸಿಲು ನೆತ್ತಿಗೆ ಬಂದಾಗ ಗರಗಸ ದನಿ ಬದಲಾಯಿಸಿತು, ಬುಡಕ್ಕೆ ಬಂದಿತ್ತು. ಆಮೇಲೆ ಎಲ್ಲ ನಿಂತು, ಆಳುಗಳ ಕೂಗು ಕೇಳಿ, ಧೊಪ್ ಎಂದು ನೆಲ ನಡುಗಿತು. ಜಗುಲಿಯೂ ಅಲುಗಿತು.

ನಂಜಮ್ಮ ಕಣ್ಣು ಮುಚ್ಚಿಬಿಟ್ಟರು. ಮಗಳ ತಲೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದರು.

"ರತ್ನೀ,"

"ಊಂ."

"ಏನಾರ ಆಯ್ತೇನೇ?"

ರತ್ನಮ್ಮ ಉತ್ತರ ಕೊಡಲಿಲ್ಲ. ನಿಜ ಹೇಳುತ್ತೇನೆ, ಆ ಒಂದು ಗಳಿಗೆ ನಾನೂ ರಸ್ತೆ ನೋಡುವುದು ಬಿಟ್ಟು ಆಕೆಯ ಮುಖ ನೋಡಿದೆ.

"ಊಂ ಕಣವ್ವ," ಎಂದರು ಆಕೆ, ಕಣ್ಣು ಮುಚ್ಚಿಕೊಂಡೇ. "ಒಟ್ಟೆ ಅಸೀತೈತೆ."

ನಂಜಮ್ಮ ಮಗಳ ಬೆನ್ನಿಗೆ ಫಟ್ ಎಂದು ಒಂದು ಕೊಟ್ಟರು. ಕೊಟ್ಟ ಕೈಯಲ್ಲೇ ಕಣ್ಣೊರೆಸಿಕೊಂಡು, ಮಂಡಿ ಹಿಡಿದು ಎದ್ದು, ಮುದ್ದೆಗೆ ಎಸರಿಡಲು ಒಳಗೆ ಹೋದರು.